ನೆಂಟರ ಊಟಕ್ಕೆ ಮಕ್ಕಳ ಕೈ

ನೆಂಟರು ಬರುವರೆಂದು ತಿಳಿದ ದಿನ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಆಜ್ಞೆಯು “ಮಕ್ಕಳೇ, ಅಡುಗೆಮನೆಯಿಂದ ಆಚೆ ನಡೆಯಿರಿ” ಎಂಬುದೇ ಆಗಿರುತ್ತದೆ. ತಾಯಂದಿರ ಅವಸರವನ್ನು ಬಲ್ಲವರು ಯಾರೂ ಇದನ್ನು ದೊಡ್ಡ ಅಪರಾಧವೆಂದು ಹೇಳಲಾರರು. ಒಲೆಯ ಮೇಲೆ ಎಸರು ಮರಳುತ್ತಿರುವಾಗ ಕಾಲಿಗೆ ತೊಡರುವ ಮಗು ಯಾರಿಗೆ ತಾನೆ ಬೇಕು? ಆದರೆ ಅತಿಥಿಯನ್ನು ಆದರಿಸುವ ವಿದ್ಯೆಯನ್ನು ಮಕ್ಕಳು ಕಲಿಯಬಹುದಾದ ದಿನವೂ ಅದೇ. ಆ ದಿನ ಅವರನ್ನು ಹೊರಗೆ ಕಳುಹಿಸಿ, ಎಲೆ ಹಾಕಿದ ಮೇಲೆ ಕರೆದು ಕೂಡಿಸಿದರೆ, ಅವರು ತಮ್ಮ ಮನೆಯಲ್ಲಿಯೇ ನೆಂಟರಾಗಿ ಬೆಳೆಯುವರು. ಆದುದರಿಂದ ನೆಂಟರ ಅಡುಗೆಯಲ್ಲಿ ಚಿಕ್ಕ ಮಕ್ಕಳಿಗೆ ಯಾವ ಪಾಲನ್ನು ಕೊಡಬಹುದು, ಹೇಗೆ ಕೊಡಬೇಕು ಎಂಬುದನ್ನು ನಮ್ಮ ಸೀಮೆಯ ಒಂದು ಊಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿಚಾರಿಸೋಣ.

ಮಕ್ಕಳಿಗೆ ಕೊಡುವ ಕೆಲಸವು ನಿಜವಾದ ಕೆಲಸವಾಗಿರತಕ್ಕದ್ದು. ಕೈಯಲ್ಲಿ ಒಂದು ಹಿಡಿ ಹಿಟ್ಟನ್ನು ಕೊಟ್ಟು “ಆಡಿಕೊಳ್ಳು” ಎನ್ನುವುದು ಕೆಲಸವಲ್ಲ. ಅದು ಮಗುವನ್ನು ಸಾಗಹಾಕುವ ಉಪಾಯ. ಆ ಕೆಲಸವು ಆಗದಿದ್ದರೆ ನೆಂಟರ ಎಲೆಯ ಮೇಲೆ ಒಂದು ಪದಾರ್ಥವು ಕಡಿಮೆಯಾಗಬೇಕು. ಹಾಗಿದ್ದರೆ ಮಾತ್ರ ಅದು ಕೆಲಸ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿಯವರು 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ಅನೇಕ ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. ಚಿಕ್ಕ ಮಕ್ಕಳು ಆಟಿಕೆಗಿಂತ ನಿಜವಾದ ಕೆಲಸವನ್ನೇ ಹೆಚ್ಚು ಮೆಚ್ಚುವರೆಂಬುದು ಆಕೆಯ ಅನುಭವವಾಗಿತ್ತು. ಕಾಳು ಸುರಿಯುವುದು, ನೀರು ಬಗ್ಗಿಸುವುದು, ಒರಸಿ ಶುಚಿಮಾಡುವುದು ಇವುಗಳನ್ನೇ ಆಕೆ ಪಾಠವನ್ನಾಗಿ ಮಾಡಿದರು. ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿಯಾಗಿ ತೋರಲಾರದು. ಮೊರದಲ್ಲಿ ಕಾಳು ಹರವಿ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದವರು ಅವರೇ.

ಈಗ ನಮ್ಮ ಊಟಕ್ಕೆ ಬರೋಣ. ಗುಮ್ಮಳಾಪುರ, ತಳಿ, ಡೆಂಕಣಿಕೋಟೆ, ಹೊಸೂರು ಇವೆಲ್ಲ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಸೀಮೆಯವು. ಪುಷ್ಯಮಾಸದ ಬೆಳಗಿನಲ್ಲಿ ಇಲ್ಲಿ ಚಳಿಯೂ ಇಬ್ಬನಿಯೂ ಹೆಚ್ಚು. ಅದೇ ಅವರೆಕಾಯಿಯ ಸುಗ್ಗಿ. ಮುಂಗಾರಿನಲ್ಲಿ ರಾಗಿಯ ಹೊಲದ ನಡುನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಅವರೆಯು, ರಾಗಿಯ ಕೊಯ್ಲು ಮುಗಿದ ಮೇಲೂ ಹೊಲದಲ್ಲಿ ಉಳಿದು ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಅವರೆಯ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದುಕೊಳ್ಳುವುದರಿಂದ ನೆಲಕ್ಕೂ ಅದು ಉಪಕಾರಿ. ಒಂದೇ ಹೊಲದಲ್ಲಿ ಬೆಳೆದ ಈ ಎರಡು ಬೆಳೆಗಳು ಮುದ್ದೆಯಾಗಿ, ಸಾರಾಗಿ ಒಂದೇ ಎಲೆಯ ಮೇಲೆ ಮತ್ತೆ ಕೂಡುತ್ತವೆ. ಸಂಕ್ರಾಂತಿಯ ಸಮಯದಲ್ಲಿ ಬಂದ ನೆಂಟರಿಗೆ ಹಿದುಕುಬೇಳೆ ಸಾರಿಗಿಂತ ಮಿಗಿಲಾದುದನ್ನು ಬಡಿಸಲು ಸಾಧ್ಯವೆಂದು ನಾನಂತೂ ನಂಬುವುದಿಲ್ಲ.

ಅದರಲ್ಲಿಯೂ ಹಿದುಕುಬೇಳೆಯು ಮಕ್ಕಳ ಕೈಗೆಂದೇ ಹುಟ್ಟಿದ ಅಡುಗೆ. ಸೊಗಡಿನ ಕಾಯಿಯನ್ನು ಹಿಂದಿನ ದಿನ ಸಂಜೆ ಸುಲಿದು, ಕಾಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಡಬೇಕು. ಕಾಳಿನ ಸಿಪ್ಪೆಯು ನೀರು ಕುಡಿದು ಉಬ್ಬಿ ಒಳಗಿನ ಬೇಳೆಯಿಂದ ಬಿಟ್ಟುಕೊಳ್ಳುತ್ತದೆ. ಬೆಳಗ್ಗೆ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಬೇಳೆಯು ಚಂಗನೆ ಹೊರಕ್ಕೆ ಹಾರುತ್ತದೆ, ಸಿಪ್ಪೆಯು ಬೆರಳಿನಲ್ಲಿ ಉಳಿಯುತ್ತದೆ. ಇದಕ್ಕೆ ಚಾಕು ಬೇಡ, ಬೆಂಕಿ ಬೇಡ, ಬಲವೂ ಬೇಡ; ಬೇಕಾದುದು ಸಣ್ಣ ಬೆರಳು ಮತ್ತು ತಾಳ್ಮೆ. ಐದು ವರ್ಷದ ಮಗುವು ಹತ್ತು ಕಾಳು ಹಿದುಕುವುದರೊಳಗೆ ಹದವನ್ನು ಅರಿತುಕೊಳ್ಳುತ್ತದೆ. ಮೊದಲನೆಯ ಬೇಳೆ ಗೋಡೆಗೆ ತಗುಲೀತು, ಎರಡನೆಯದು ಅಜ್ಜನ ಮಡಿಲಿಗೆ ಬಿದ್ದೀತು. ಬಟ್ಟಲನ್ನು ಬೆರಳಿನ ಹತ್ತಿರಕ್ಕೆ ಹಿಡಿಯುವುದು ತಾನಾಗಿಯೇ ಬರುತ್ತದೆ. ನಾಲ್ಕು ಮಕ್ಕಳು ಸುತ್ತ ಕುಳಿತರೆ ಒಬ್ಬ ತಾಯಿಗೆ ಬೆಳಗೆಲ್ಲ ಹಿಡಿಯುವ ಕೆಲಸವು ಬಹುಬೇಗ ಮುಗಿಯುವುದು. ಹಸಿ ಬೇಳೆಯನ್ನು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಬೇಕು. ಅವರೆಯು ಚೆನ್ನಾಗಿ ಬೆಂದ ಮೇಲೆಯೇ ತಿನ್ನತಕ್ಕ ಕಾಳು. ತೀರ ಚಿಕ್ಕವರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವೂ ಉಂಟು. ಎಲ್ಲರೂ ಮೊದಲು ಸಾಬೂನಿನಿಂದ ಕೈ ತೊಳೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ವಿದ್ಯಾರ್ಥಿಗಳೇ, ಕಾಯಿ ಸುಲಿಯುವಾಗ ನಿಮಗೊಂದು ಲೆಕ್ಕವುಂಟು. ಸುಲಿಯುವ ಮೊದಲು ಕಾಯಿಯನ್ನು ತೂಗಿರಿ; ಸುಲಿದ ಮೇಲೆ ಕಾಳನ್ನು ತೂಗಿರಿ; ನೆನೆದ ಮೇಲೆ ಮತ್ತೊಮ್ಮೆ, ಹಿದುಕಿದ ಮೇಲೆ ಇನ್ನೊಮ್ಮೆ ತೂಗಿರಿ. ನಾಲ್ಕು ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಸಂತೆಯಲ್ಲಿ ಎಷ್ಟು ಕಾಯಿ ತಂದರೆ ಎಷ್ಟು ಜನರ ಸಾರಿಗೆ ಸಾಕೆಂಬುದನ್ನು ಮುಂದಿನ ವರ್ಷ ನೀವೇ ತಾಯಿಗೆ ಹೇಳಬಲ್ಲಿರಿ.

ಭಾಷೆಯ ಪಾಠವೊಂದೂ ಈ ಬಟ್ಟಲಿನಲ್ಲಿದೆ. ನಾವು ಹಿದುಕುಬೇಳೆ ಎನ್ನುವುದನ್ನು ನೆರೆಮನೆಯ ತಮಿಳಿನವರು ಪಿದುಕ್ಕಂ ಪರುಪ್ಪು ಎನ್ನುವರು; ತೆಲುಗಿನವರು ಪಿತಿಕಿಪಪ್ಪು ಎನ್ನುವರು. ಕಿವಿಗೊಟ್ಟು ಕೇಳಿದರೆ ಮೂರೂ ಒಂದೇ ಬೇರಿನವೆಂದು ತಿಳಿಯುತ್ತದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು: ಪಾಲ್ ಎಂಬುದು ಹಾಲಾಯಿತು, ಪೂ ಎಂಬುದು ಹೂವಾಯಿತು. ನೆರೆಭಾಷೆಗಳಲ್ಲಿ ಪಕಾರವೇ ನಿಂತಿತು. ಹಾಗೆಯೇ ನಮ್ಮ ಮುದ್ದೆಯು ತಮಿಳಿನಲ್ಲಿ ಕಳಿ, ತೆಲುಗಿನಲ್ಲಿ ಸಂಗಟಿ. ಗಡಿಸೀಮೆಯ ಮಗುವಿಗೆ ಮೂರು ಮನೆಗಳ ನೆಂಟರೂ ಬರುವರು. ಮೂವರ ಮಾತಿನಲ್ಲಿಯೂ “ಇನ್ನಷ್ಟು ಬಡಿಸಲೇ?” ಎಂದು ಕೇಳಬಲ್ಲ ಮಗುವು ಶ್ರೀಮಂತ ಮಗು. ಆದರೆ ತನ್ನ ಮಾತನ್ನು ಅದು ಕಲಿಯತಕ್ಕದ್ದು ಅಡುಗೆಮನೆಯಲ್ಲಿಯೇ. ಎಸರು, ತೊಳಸು, ಕವೆಗೋಲು, ಸೊಗಡು, ಒಗ್ಗರಣೆ ಎಂಬ ಪದಗಳು ಪಠ್ಯಪುಸ್ತಕದಲ್ಲಿ ಎಷ್ಟು ಸಲ ಬರುವುವು? ಇವು ಕೈಕೆಲಸದ ಜೊತೆಯಲ್ಲಿ ಕಿವಿಗೆ ಬಿದ್ದರೆ ಉಳಿಯುವುವು, ಇಲ್ಲವಾದರೆ ಅಜ್ಜಿಯ ಜೊತೆಯಲ್ಲಿಯೇ ಹೋಗುವುವು.

ಮುದ್ದೆಯ ವಿಚಾರದಲ್ಲಿ ಎಚ್ಚರವು ಹೆಚ್ಚಾಗಿರಬೇಕು. ಹಿಟ್ಟನ್ನು ಅಳೆಯುವುದು, ಜರಡಿ ಹಿಡಿಯುವುದು ಮಕ್ಕಳ ಪಾಲು. ಒಲೆಯು ಹಿರಿಯರ ಪಾಲು. ಮಧ್ಯಮ ಗಾತ್ರದ ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಬೇಕು. ನೆಂಟರು ಆರು ಮಂದಿ, ಮನೆಯವರು ಆರು ಮಂದಿ ಎಂದರೆ ಎಷ್ಟಾಯಿತೆಂಬುದನ್ನು ಮೂರನೆಯ ತರಗತಿಯ ಮಗುವು ಹೇಳಲಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟದಷ್ಟು ನೀರು ಎಂದು ಇಟ್ಟುಕೊಂಡು, ಹಿಟ್ಟಿನ ನುಣುಪನ್ನು ನೋಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡುವುದುಂಟು. ಏಕೆ? ಒಣಹಿಟ್ಟು ನೇರವಾಗಿ ಕುದಿನೀರಿಗೆ ಬಿದ್ದರೆ ಅದರ ಹೊರಮೈ ಕೂಡಲೇ ಬೆಂದು ಅಂಟಾಗಿ, ಒಳಕ್ಕೆ ನೀರು ಹೋಗದಂತೆ ತಡೆಯುತ್ತದೆ. ಗಂಟು ಎಂದರೆ ಇದೇ: ಹೊರಗೆ ಬೆಂದು ಒಳಗೆ ಹಸಿಯಾದ ಹಿಟ್ಟು. ತಣ್ಣೀರಿನಲ್ಲಿ ಕದಡಿದ ಹಿಟ್ಟಿನ ಕಣಗಳು ಬೇರೆ ಬೇರೆಯಾಗಿಯೇ ಬೇಯುವುವು. ಉಳಿದ ಹಿಟ್ಟನ್ನು ಎಸರಿನ ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯದಲ್ಲಿ ತೂತುಮಾಡಿ, ಸಣ್ಣ ಉರಿಯಲ್ಲಿ ಬೇಯಬಿಟ್ಟು, ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ತೊಳಸಬೇಕು. ಮಗುವು ಇದನ್ನು ದೂರದಲ್ಲಿ ನಿಂತು ನೋಡಲಿ. ಬೆಂದ ಮುದ್ದೆಯು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅದರ ಕಾವು ಬೇಗ ಆರುವುದೂ ಇಲ್ಲ. ಅಕಸ್ಮಾತ್ತಾಗಿ ಕೈ ಸುಟ್ಟರೆ ತಣ್ಣನೆಯ ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯತಕ್ಕದ್ದು. ಶಾಯಿ, ಅರಿಸಿನ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಬಳಿಯಕೂಡದು. ಬೊಕ್ಕೆ ಎದ್ದರೆ ವೈದ್ಯರ ಬಳಿಗೆ ಹೋಗಬೇಕು.

ನೆಂಟರಿಗೆ ರಾಗಿಯೇ, ಅಕ್ಕಿಯಲ್ಲವೇ ಎಂದು ಹುಬ್ಬೇರಿಸುವವರು ಇಂದಿಗೂ ಇದ್ದಾರೆ. ಮಕ್ಕಳು ಈ ಸಂಕೋಚವನ್ನು ಹಿರಿಯರಿಂದಲೇ ಕಲಿಯುತ್ತಾರೆ. ಪಟ್ಟಣದ ನೆಂಟರು ಬಂದಾಗ ಮುದ್ದೆಯ ಪಾತ್ರೆಯನ್ನು ಮರೆಮಾಡುವ ತಾಯಿಯನ್ನು ಕಂಡ ಮಗುವಿಗೆ ಬೇರೆ ಉಪದೇಶವು ಬೇಕಿಲ್ಲ. ಅವರಿಗೆ ಕನಕದಾಸರ ರಾಮಧಾನ್ಯ ಚರಿತ್ರೆಯ ಕಥೆಯನ್ನು ಹೇಳಬೇಕು. ಶ್ರೀರಾಮನಿಗೆ ಮುನಿಗಳು ಔತಣ ಮಾಡಿದಾಗ ಧಾನ್ಯಗಳಲ್ಲಿ ಹೆಚ್ಚಿನದು ಯಾವುದೆಂಬ ಪ್ರಶ್ನೆ ಹುಟ್ಟಿತು. ನರೆದಲೆಗ ಎಂಬ ರಾಗಿಗೂ ವ್ರೀಹಿ ಎಂಬ ಭತ್ತಕ್ಕೂ ವಾದ ಬೆಳೆಯಿತು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಭತ್ತವು ಕಂದಿತು, ರಾಗಿಯು ಕೆಡದೆ ನಿಂತಿತು, ರಾಘವನ ಹೆಸರನ್ನೇ ಪಡೆಯಿತು. ಕಥೆಯ ಹಿಂದೆ ರೈತನ ಅನುಭವವಿದೆ: ಹಗೇವಿನಲ್ಲಿ ತುಂಬಿಟ್ಟ ರಾಗಿಯು ವರ್ಷಗಟ್ಟಲೆ ಹುಳು ಬೀಳದೆ ಉಳಿಯುತ್ತಿತ್ತು. ಇನ್ನು ಪೌಷ್ಟಿಕತೆಯ ಮಾತು: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು ಮಾತ್ರ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದವರೂ ರಾಗಿಯನ್ನು ಹುಡುಕತೊಡಗಿದ್ದಾರೆ. ಅವರು ಹುಡುಕಿದರೆಂದು ನಾವು ಬಡಿಸಬೇಕಾಗಿಲ್ಲ. ನಮ್ಮ ಹೊಲದ್ದೆಂದು ಬಡಿಸೋಣ.

ಕೋಸಂಬರಿಯು ಸಂಪೂರ್ಣವಾಗಿ ಮಕ್ಕಳದೇ ಆಗಬಹುದು. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಬಸಿದು, ಸೌತೆಕಾಯಿ, ತೆಂಗಿನತುರಿ, ನಿಂಬೆರಸಗಳನ್ನು ಕೂಡಿಸುವುದು. ಉಪ್ಪನ್ನು ಎಲೆ ಹಾಕುವ ಹೊತ್ತಿಗೇ ಬೆರೆಸಬೇಕು. ಮೊದಲೇ ಹಾಕಿದರೆ ಅದು ಸೌತೆಕಾಯಿಯ ನೀರನ್ನೆಲ್ಲ ಹೊರಕ್ಕೆಳೆದು ಕೋಸಂಬರಿಯನ್ನು ಸಾರು ಮಾಡಿಬಿಡುತ್ತದೆ. ಎರಡು ಬಟ್ಟಲುಗಳಲ್ಲಿ ಮಾಡಿ ನೋಡಲು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಈಳಿಗೆಮಣೆ, ತುರಿಮಣೆಗಳನ್ನು ಹತ್ತು ವರ್ಷ ದಾಟಿದವರು ಹಿರಿಯರ ಎದುರಿನಲ್ಲಿ ಮಾತ್ರ ಮುಟ್ಟಲಿ. ಪಾಯಸದಲ್ಲಿ ಬೇಳೆಯು ಮೆತ್ತಗೆ ಬೆಂದ ಮೇಲೆಯೇ ಬೆಲ್ಲ, ಸಾರಿನಲ್ಲಿ ಅವರೆಬೇಳೆ ಬೆಂದ ಮೇಲೆಯೇ ಹುಣಸೆಹುಳಿ. ಮೊದಲೇ ಹಾಕಿದರೆ ಕಾಳು ಗಟ್ಟಿಯಾಗಿಯೇ ಉಳಿದು ನೆಂಟರ ಹಲ್ಲನ್ನು ಪರೀಕ್ಷಿಸುತ್ತದೆ.

ಎಷ್ಟು ಮಾಡಬೇಕೆಂಬುದೂ ಒಂದು ಪಾಠ. ಕನ್ನಡ ಸಾಹಿತ್ಯದಲ್ಲಿ ಗುಮ್ಮಳಾಪುರದ ಹೆಸರು ನಿಂತಿರುವುದು ಹದಿನಾರನೆಯ ಶತಮಾನದ ಸಿದ್ಧಲಿಂಗಯತಿಗಳಿಂದ. ಶೂನ್ಯಸಂಪಾದನೆಯ ಒಂದು ಪರಿಷ್ಕರಣವನ್ನು ಸಿದ್ಧಪಡಿಸಿದವರು ಅವರು. ಶೂನ್ಯಸಂಪಾದನೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವು ಬರುತ್ತದೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅವರು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ಬಡ ಮನೆಯ ಆ ಆತಿಥ್ಯದಲ್ಲಿ ಕೊರತೆಯಾಗಲಿಲ್ಲ. ನೆಂಟರೆಂದರೆ ಎರಡು ಪಟ್ಟು ಮಾಡಿ ಚೆಲ್ಲುವ ಇಂದಿನ ರೂಢಿಯನ್ನು ನೋಡಿದಾಗ, ನಮ್ಮ ಮಕ್ಕಳಿಗೆ ಲಕ್ಕಮ್ಮನ ಪರಿಚಯವು ಅಗತ್ಯವಾಗಿ ಆಗಬೇಕೆಂದು ನನಗೆ ತೋರುತ್ತದೆ.

ಹೆಣ್ಣುಮಕ್ಕಳಿಗಷ್ಟೇ ಈ ಪಾಠವೆಂದು ತಂದೆಯರು ಪುಟ ತಿರುವಬಾರದು. ಪುರಾಣದಲ್ಲಿ ಪಾಕಕ್ಕೆ ಹೆಸರಾದವರು ನಳ, ಭೀಮರು. ವಿರಾಟನ ಅಡುಗೆಮನೆಯಲ್ಲಿ ಭೀಮನು ಒಂದು ವರ್ಷ ದುಡಿದನಲ್ಲವೇ? ಹುಡುಗನು ಹಿದುಕಿದ ಬೇಳೆಗೂ ಹುಡುಗಿಯು ಹಿದುಕಿದ ಬೇಳೆಗೂ ಸಾರಿನಲ್ಲಿ ಭೇದವಿಲ್ಲ.

ತಾಯಿತಂದೆಗಳಿಗೆ ಒಂದು ವಿನಂತಿ. ಮಗುವು ಮಾಡಿದ ಕೆಲಸವನ್ನು ಅದರ ಕಣ್ಣೆದುರಿನಲ್ಲಿಯೇ ತಿದ್ದಿ ಮತ್ತೊಮ್ಮೆ ಮಾಡಬೇಡಿ. ಕೆಲವು ಕಾಳುಗಳಲ್ಲಿ ಸಿಪ್ಪೆ ಉಳಿದಿದ್ದರೆ ಉಳಿಯಲಿ. ಮಗುವಿನ ತಪ್ಪನ್ನು ನೆಂಟರ ಮುಂದೆ ಹೇಳಿ ನಗುವುದಂತೂ ಸಲ್ಲದು. ಅಂದು ನಕ್ಕವರಿಗೆ ಅದು ವಿನೋದ, ಮಗುವಿಗೆ ಅದು ವರ್ಷಗಳ ನೆನಪು. ಕೆಲಸಕ್ಕೆ ಎಂದಿಗಿಂತ ಒಂದೂವರೆ ಪಟ್ಟು ಹೊತ್ತು ಹಿಡಿಯುವುದೆಂದು ಮೊದಲೇ ಎಣಿಸಿಕೊಂಡು ಬೆಳಗ್ಗೆ ಬೇಗನೆ ಆರಂಭಿಸಿದರೆ ಕೋಪಕ್ಕೆ ಕಾರಣವೇ ಇರುವುದಿಲ್ಲ.

ಬಡಿಸುವಾಗ ಬಾಳೆಯೆಲೆಯ ತುದಿಯು ಉಣ್ಣುವವರ ಎಡಕ್ಕೆ ಬರಬೇಕು. ಎದುರಿಗೆ ನಿಂತ ಮಗುವಿಗೆ ಅದು ಬಲಗಡೆಯಾಗುತ್ತದೆ. ಒಂದೆರಡು ಸಲ ತಡವರಿಸಿ, ನೆಂಟರ ಪಕ್ಕದಲ್ಲಿ ಹೋಗಿ ನಿಂತು ನೋಡಿ ಸರಿಮಾಡಿಕೊಳ್ಳುತ್ತದೆ. ಉಪ್ಪು, ಕೋಸಂಬರಿ, ನೀರು, ಮಜ್ಜಿಗೆ ಮಕ್ಕಳ ಕೈಯಿಂದ. ಬಿಸಿಯಾದ ಸಾರು ಹಿರಿಯರ ಕೈಯಿಂದ. ಎರಡನೆಯ ಸಲಕ್ಕೆ ಮುದ್ದೆಯನ್ನು ಅರ್ಧರ್ಧವಾಗಿ ಮುರಿದು ಕೇಳಿ ಬಡಿಸಬೇಕು. ಮುದ್ದೆಯ ರೂಢಿಯಿಲ್ಲದ ನೆಂಟರು ಅದನ್ನು ಅಗಿಯಲು ಹೊರಟರೆ, ಸಾರಿನಲ್ಲಿ ಅದ್ದಿ ನುಂಗುವ ಕ್ರಮವನ್ನು ತೋರಿಸಿಕೊಡುವ ಗೌರವವು ಮನೆಯ ಕಿರಿಯ ಮಗುವಿಗೆ ಸಲ್ಲಲಿ.

ಊಟವಾದ ಮೇಲೆ ಎಲೆ ತೆಗೆದು ನೆಲ ಒರಸುವುದರಲ್ಲಿಯೂ ಮಕ್ಕಳ ಪಾಲಿದೆ. ಅವರೆಯ ಸಿಪ್ಪೆಯನ್ನು ಹಸುವಿಗೆ ಹಾಕುವುದು ಅವರಿಗೆ ಬಲು ಇಷ್ಟದ ಕೆಲಸ. ಉಳಿದ ಒಂದೆರಡು ಮುದ್ದೆಗಳನ್ನು ನೀರಿನಲ್ಲಿ ಮುಳುಗಿಸಿ ಮುಚ್ಚಿಟ್ಟರೆ, ಮರುದಿನ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಸೇರಿಸಿ, ಶಾಲೆಗೆ ಹೊರಡುವ ಮೊದಲು ಕುಡಿಯಲು ಅಂಬಲಿಯಾಗುತ್ತದೆ.