ಕಸಿ ಯಕೃತ್ತಿನ ರಕ್ತನಾಳಗಳು: ಡಾಪ್ಲರ್ ಕೋಣೆಯ ಅನುಭವ

ಯಕೃತ್ತಿನ ಕಸಿಯಲ್ಲಿ ಹೊಲಿದು ಜೋಡಿಸುವ ರಕ್ತನಾಳಗಳ ಪೈಕಿ ಕೆಲವೇ ಮಿಲಿಮೀಟರ್ ಅಗಲದ ಯಕೃತ್ತಿನ ಅಪಧಮನಿಯೇ ಹೆಚ್ಚಿನ ಆತಂಕಕ್ಕೆ ಕಾರಣವಾಗುತ್ತದೆ. ಸಹಜ ಯಕೃತ್ತಿಗೆ ಸುತ್ತಲಿನಿಂದ ರಕ್ತ ತರುವ ಸಣ್ಣ ಉಪನಾಳಗಳು ಅಂಗವನ್ನು ಬೇರ್ಪಡಿಸುವಾಗಲೇ ಕಡಿದುಹೋಗಿರುವುದರಿಂದ, ಪಿತ್ತನಾಳಗಳು ಈ ಒಂದೇ ಧಮನಿಯನ್ನು ನೆಚ್ಚಿ ಬದುಕಬೇಕಾಗುತ್ತದೆ. ಮೊದಲ ದಿನಗಳಲ್ಲಿ ಅದು ಹೆಪ್ಪುಗಟ್ಟಿ ಮುಚ್ಚಿದರೆ ಪಿತ್ತನಾಳಗಳ ಗೋಡೆ ನಶಿಸಿ, ಅನೇಕ ರೋಗಿಗಳಿಗೆ ಮರುಕಸಿಯೇ ದಾರಿಯಾಗುತ್ತದೆ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ತೀವ್ರನಿಗಾ ಘಟಕದ ಹಾಸಿಗೆಯ ಬಳಿಗೇ ಅಲ್ಟ್ರಾಸೌಂಡ್ ಯಂತ್ರವನ್ನು ಒಯ್ದು ಡಾಪ್ಲರ್ ಪರೀಕ್ಷೆ ನಡೆಸಲಾಗುತ್ತದೆ. ಕ್ರಿಸ್ಟಿಯಾನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ ತತ್ತ್ವವನ್ನು ಬಳಸುವ ಈ ಪರೀಕ್ಷೆಯು, ಚಲಿಸುವ ರಕ್ತಕಣಗಳಿಂದ ಮರಳುವ ಧ್ವನಿಯ ಆವರ್ತನದಲ್ಲಾಗುವ ವ್ಯತ್ಯಾಸದಿಂದ ಹರಿವಿನ ದಿಕ್ಕು ಮತ್ತು ವೇಗವನ್ನು ತಿಳಿಸುತ್ತದೆ.

ಈ ಕೆಲಸದಲ್ಲಿ ಪಳಗಿದವರು ಮೊದಲು ಕಲಿಯುವುದು, ಪರದೆಯಲ್ಲಿ ಹರಿವು ಕಾಣದಿದ್ದ ಮಾತ್ರಕ್ಕೆ ಧಮನಿ ಮುಚ್ಚಿದೆಯೆಂದು ತೀರ್ಮಾನಿಸಬಾರದು ಎಂಬುದನ್ನು. ಗಾಯದ ಪಟ್ಟಿ, ಕರುಳಿನ ಗಾಳಿ, ಉಬ್ಬಿದ ಅಂಗಾಂಶ, ಇಳಿದ ರಕ್ತದೊತ್ತಡ ಇವೆಲ್ಲ ಹರಿವನ್ನು ಮರೆಮಾಡಬಲ್ಲವು. ಆಗ ಯಂತ್ರದ ವೇಗಮಿತಿಯನ್ನೂ ಫಿಲ್ಟರನ್ನೂ ತಗ್ಗಿಸಿ, ಪಕ್ಕೆಲುಬುಗಳ ನಡುವಿನಿಂದ ಪ್ರೋಬನ್ನಿಟ್ಟು, ಧ್ವನಿಕಿರಣಕ್ಕೂ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರದಂತೆ ಮತ್ತೆ ಹುಡುಕಬೇಕಾಗುತ್ತದೆ. ಆದರೂ ಕಾಣದಿದ್ದರೆ ಕಾಯುತ್ತ ಕೂರದೆ ಸೂಕ್ಷ್ಮ ಗುಳ್ಳೆಗಳ ಕಾಂಟ್ರಾಸ್ಟ್ ನೀಡಿ ನೋಡುವುದು ಅಥವಾ ಸಿಟಿ ಆಂಜಿಯೋಗ್ರಫಿಗೆ ಕಳಿಸುವುದು ಅನಿವಾರ್ಯ, ಏಕೆಂದರೆ ಹೆಪ್ಪನ್ನು ಬೇಗ ಪತ್ತೆಹಚ್ಚಿದರೆ ಮಾತ್ರ ಅದನ್ನು ತೆಗೆದು ಯಕೃತ್ತನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ.

ಎರಡನೆಯ ಪಾಠ ರೆಸಿಸ್ಟಿವ್ ಇಂಡೆಕ್ಸ್ ಎಂಬ ಅಂಕಿಗೆ ಸಂಬಂಧಿಸಿದ್ದು. ಹೃದಯ ಸಂಕುಚಿಸಿದಾಗಿನ ಗರಿಷ್ಠ ವೇಗದಿಂದ ವಿರಾಮದ ಕೊನೆಯ ವೇಗವನ್ನು ಕಳೆದು, ಬಂದದ್ದನ್ನು ಗರಿಷ್ಠ ವೇಗದಿಂದಲೇ ಭಾಗಿಸಿದರೆ ದೊರೆಯುವ ಈ ಸಂಖ್ಯೆ ಸಾಮಾನ್ಯವಾಗಿ 0.5ರಿಂದ 0.8ರವರೆಗೆ ಇರುತ್ತದೆ. ಮೊದಲ ಎರಡು ಮೂರು ದಿನ ಅದು 0.8ನ್ನು ಮೀರುವುದು ಅಪರೂಪವಲ್ಲ. ಹೊಸ ಅಂಗದ ಊತ ಇಳಿದಂತೆ ಬಹುಪಾಲು ತಾನಾಗಿ ತಗ್ಗುತ್ತದೆ. ಹೆಚ್ಚು ಎಚ್ಚರ ಬೇಡುವುದು ಇದಕ್ಕೆ ವಿರುದ್ಧವಾದ ಚಿತ್ರ, ಅಂದರೆ ಸಂಖ್ಯೆ 0.5ಕ್ಕಿಂತ ಕೆಳಗಿಳಿದು, ಅಲೆಯ ಏರು 0.08 ಸೆಕೆಂಡಿಗಿಂತ ನಿಧಾನವಾಗಿ, ಶಿಖರ ಮೊಂಡಾಗುವುದು. ಜೋಡಣೆಯ ಜಾಗದಲ್ಲಿ ಧಮನಿ ಕಿರಿದಾಗಿರಬಹುದೆಂಬ ಸೂಚನೆ ಅದು. ಹೀಗಾಗಿ ಒಂದು ದಿನದ ಅಂಕಿಗಿಂತ, ಹಿಂದಿನ ದಿನದ ಅಲೆಯ ಪಕ್ಕದಲ್ಲಿಟ್ಟು ನೋಡಿದ ಇಂದಿನ ಅಲೆ ಹೆಚ್ಚು ನಂಬಲರ್ಹ.

ಅಭಿಧಮನಿಗಳ ವಿಷಯದಲ್ಲಿ ತೊಡಕು ಕಡಿಮೆ. ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಯಕೃತ್ತಿನತ್ತ ಎಡೆಬಿಡದೆ ಹರಿಯಬೇಕು. ಯಕೃತ್ತಿನಿಂದ ಹೊರಗೊಯ್ಯುವ ಅಭಿಧಮನಿಗಳಲ್ಲಿ ಹೃದಯದ ಬಡಿತದೊಡನೆ ಏರಿಳಿಯುವ ಅಲೆ ಇದ್ದರೆ ಹೊರಹರಿವು ಸುಗಮವೆಂಬ ಭರವಸೆ ಸಿಗುತ್ತದೆ, ಅದು ಚಪ್ಪಟೆಯಾಗಿದ್ದರೆ ಮಾತ್ರ ಮುಂದಿನ ಪರಿಶೀಲನೆ ಬೇಕಾಗುತ್ತದೆ. ಭಾರತದಲ್ಲಿ ಬಹುಪಾಲು ಕಸಿಗಳು ಜೀವಂತ ದಾನಿಯ ಯಕೃತ್ತಿನ ಒಂದು ಭಾಗದಿಂದಲೇ ನಡೆಯುವುದರಿಂದ ನಾಳಗಳು ಗಿಡ್ಡವಾಗಿಯೂ ಸಣ್ಣದಾಗಿಯೂ ಇದ್ದು, ಕೆಲವೊಮ್ಮೆ ಅಭಿಧಮನಿಯ ಕವಲುಗಳನ್ನು ಬೇರೆ ನಾಳದ ತುಂಡು ಸೇರಿಸಿ ಕಟ್ಟಿರಲಾಗುತ್ತದೆ. ಯಾವುದನ್ನು ಯಾವುದಕ್ಕೆ ಎಲ್ಲಿ ಜೋಡಿಸಲಾಗಿದೆ ಎಂಬುದನ್ನು ಶಸ್ತ್ರವೈದ್ಯರಿಂದ ಕೇಳಿ, ಸಾಧ್ಯವಾದರೆ ಅವರ ಕೈಯಲ್ಲೇ ಒಂದು ರೇಖಾಚಿತ್ರ ಬರೆಸಿಕೊಂಡು, ಆಮೇಲೆ ಪ್ರೋಬ್ ಹಿಡಿಯುವ ಪದ್ಧತಿಯನ್ನು ಪ್ರತಿಯೊಂದು ಘಟಕವೂ ಕಡ್ಡಾಯ ಮಾಡಿಕೊಳ್ಳಬೇಕು.