ಮಳೆ ಬಂದರೂ ಮರಳದ ಹುಲ್ಲು

ಪ್ರಶ್ನೆ: ಬರಗಾಲದಲ್ಲಿ ಮೇವು ಒಣಗುತ್ತದೆ, ಮಳೆಯಾದರೆ ಮತ್ತೆ ಚಿಗುರುತ್ತದೆ. ಹಾಗಿರುವಾಗ ಹವಾಮಾನದ ದೀರ್ಘಕಾಲದ ಏರಿಳಿತದಿಂದ ಹುಲ್ಲುಗಾವಲಿಗೂ ಜಾನುವಾರಿಗೂ ಏನು ತೊಂದರೆ?

ಉತ್ತರ: ಒಂದು ವರ್ಷದ ಬರಕ್ಕೆ ನಿಮ್ಮ ಮಾತು ಸರಿ. ಹತ್ತಿಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಕಥೆಯೇ ಬೇರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮದ ಬಯಲನ್ನೇ ನೋಡಿ. ಮಳೆ ಕೈಹಿಡಿದ ವರ್ಷಗಳ ಹಸಿರನ್ನೇ ನೆಲದ ಸಹಜ ಗುಣವೆಂದು ನಂಬಿ ಅಲ್ಲಿನವರು ಸಾಲ ತಂದು ಕುರಿ ಹೆಚ್ಚಿಸಿದರು. 1890ರ ದಶಕದ ಆರಂಭಕ್ಕೆ ಆಸ್ಟ್ರೇಲಿಯಾದಲ್ಲಿ ಕುರಿಗಳು 10 ಕೋಟಿ ದಾಟಿದ್ದವು. 1895ರಿಂದ ಬರ ಶುರುವಾಯಿತು. ಉಣ್ಣೆಯ ಬೆಲೆ ಬಿದ್ದಿತ್ತು, ಮೊಲಗಳ ಹಾವಳಿ ಬೇರೆ. 1903ರ ಹೊತ್ತಿಗೆ ಕುರಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ಮಳೆ ಬಂದರೂ ಹುಲ್ಲು ಮರಳದ ಕಾರಣ ಅದರ ಬುಡ ನೋಡಿದರೆ ತಿಳಿಯುತ್ತದೆ. ಆ ಸೀಮೆಯ ಮಿಚೆಲ್ ಹುಲ್ಲಿನ ಒಂದು ಬುಡ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಎಲೆಯೆಲ್ಲ ಒಣಗಿದರೂ ಬೇರಿನಲ್ಲಿ ಜೀವ ಹಿಡಿದುಕೊಂಡಿದ್ದು, ಹದ ಮಳೆ ಬಿದ್ದರೆ ಅಲ್ಲಿಂದಲೇ ಚಿಗುರುತ್ತದೆ. ಹಸಿದ ಕುರಿಗಳು ಬುಡಮಟ್ಟ ಮೇಯ್ದು, ಆಮೇಲೆ ಬಂದ ಚಿಗುರನ್ನೂ ಬಿಡದಿದ್ದರೆ ಬೇರು ಸೊರಗಿ ಸಾಯುತ್ತದೆ. ಬತ್ತಲಾದ ನೆಲದ ಮೇಲ್ಮಣ್ಣನ್ನು ಗಾಳಿ ಹೊತ್ತೊಯ್ಯುತ್ತದೆ; ಮಳೆನೀರು ಇಂಗದೆ ಹರಿದುಹೋಗುತ್ತದೆ. ಆಗಲೂ ಹಸಿರು ಕಾಣುತ್ತದೆ ನಿಜ, ಆದರೆ ಅದು ಬೇಗನೆ ಒಣಗುವ ಕಳೆ, ಇಲ್ಲವೆ ಕುರಿ ಮೂಸಿಯೂ ನೋಡದ ಪೊದೆ. ಹಿಂಡಿನ ಚೇತರಿಕೆಯೂ ನಿಧಾನ. ಬಡಕಲು ಕುರಿಗೆ ಸರಿಯಾಗಿ ಗಬ್ಬ ನಿಲ್ಲದು, ಹುಟ್ಟಿದ ಮರಿಗೆ ಹಾಲು ಸಾಲದು, ಉಣ್ಣೆಯ ಎಳೆ ತೆಳುವಾಗಿ ತುಂಡಾಗುತ್ತದೆ.

ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಹೀಗೆ ಗುಂಪಾಗಿ ಬರುವುದರಲ್ಲಿ ಶಾಂತಸಾಗರದ ಪಾತ್ರ ದೊಡ್ಡದು. ಅದರ ಮೇಲ್ನೀರು ಬಿಸಿಯೇರಿ ಆಸ್ಟ್ರೇಲಿಯಾದ ಮಳೆಯನ್ನು ಕುಗ್ಗಿಸುವ ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ. ಅದರ ಜೊತೆಗೆ ಆ ಸಾಗರದ ಮೇಲ್ನೀರಿನ ಬಿಸಿ ದಶಕಗಳ ಅಂತರದಲ್ಲೂ ಏರಿಳಿಯುತ್ತದೆ. ಮಳೆಯ ದಶಕದಲ್ಲಿ ದುಡಿದವರಿಗೆ ಬಯಲು ಯಾವಾಗಲೂ ಹೀಗೇ ಇರುತ್ತದೆ ಅನಿಸಿದರೆ ಅವರನ್ನು ದುರಾಸೆಯವರೆಂದು ದೂರಲಾರೆ. ಆದರೂ ಹುಲ್ಲು ಸತ್ತದ್ದು ಬರದಲ್ಲಾದರೆ, ಲೆಕ್ಕ ತಪ್ಪಿದ್ದು ಸುಭಿಕ್ಷದ ವರ್ಷಗಳಲ್ಲೇ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಈಗ ಆಸ್ಟ್ರೇಲಿಯಾದ ಇನ್ನೊಂದು ರಾಜ್ಯವಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಳೆಗಾಲ ಮುಗಿಯುತ್ತಲೇ ನಿಂತ ಹುಲ್ಲನ್ನು ಅಂದಾಜಿಸಿ, ಮುಂದಿನ ಮಳೆಯವರೆಗೆ ಎಷ್ಟು ದನಗಳಿಗೆ ಸಾಕೆಂದು ಲೆಕ್ಕಹಾಕಿ, ಉಳಿದವನ್ನು ಮೈತುಂಬಿಕೊಂಡಿರುವಾಗಲೇ ಮಾರುವಂತೆ ಸಾಕಣೆದಾರರಿಗೆ ಹೇಳಿಕೊಡುತ್ತಾರೆ. ಅದೇ ಸಾಗರ ನಮ್ಮ ಮುಂಗಾರನ್ನೂ ಕಾಡುತ್ತದೆ: ಮುಂಗಾರು ಕೈಕೊಟ್ಟ 1972, 2009, 2015 ಮೂರೂ ಎಲ್ ನಿನೊ ವರ್ಷಗಳೇ. ದೀಪಾವಳಿ ಹೊತ್ತಿಗೆ ನಿಮ್ಮೂರ ಗೋಮಾಳಕ್ಕೆ ಹೋಗಿ, ಎಷ್ಟು ಹುಲ್ಲು ನಿಂತಿದೆ, ಅದರಲ್ಲಿ ಹಳೆಯ ಬುಡ ಎಷ್ಟು, ಕಳೆ ಎಷ್ಟು ಎಂದು ಪ್ರತಿ ವರ್ಷ ಬರೆದಿಡಿ.