ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಫೈಲು ಪೂರ್ತಿ ಇಳಿಯದಿದ್ದರೆ ಏನು ಮಾಡಬೇಕು?

ಆಳಂದ ತಾಲ್ಲೂಕಿನ ನಿಂಬರ್ಗಾ ಭಾಗದ ಕಪ್ಪು ಭೂಮಿಯಲ್ಲಿ ತೊಗರಿ ಮುಖ್ಯ ಬೆಳೆ. ಬಿತ್ತಿದ ಸುಮಾರು ೫೦ ದಿನಗಳಿಗೆ ಕುಡಿ ಚಿವುಟಿದರೆ ಪಕ್ಕದ ಕೊಂಬೆಗಳು ಹೆಚ್ಚಿ, ಕಾಯಿ ಹೆಚ್ಚು ಕಟ್ಟುತ್ತವೆ. ಚಿವುಟುವ ಕ್ರಮವನ್ನು ತೋರಿಸುವ ವಿಡಿಯೋ ಹೂ ಬಿಟ್ಟ ಮೇಲೆ ಕೈಸೇರಿದರೆ ಆ ವರ್ಷಕ್ಕೆ ಅದರಿಂದ ಪ್ರಯೋಜನವಿಲ್ಲ. ಇಂತಹ ದೀರ್ಘ ವಿಡಿಯೋಗಳ ಫೈಲುಗಳು ಬಹಳ ದೊಡ್ಡವು. ಹಳ್ಳಿಯ ಮನೆಯಲ್ಲಿರುವುದೋ ಹೆಚ್ಚಾಗಿ ಹತ್ತು ಹದಿನೈದು ವರ್ಷ ಹಳೆಯ ಯಂತ್ರ. ರಾತ್ರಿ ಡೌನ್‌ಲೋಡ್‌ಗೆ ಹಚ್ಚಿ ಮಲಗಿದರೆ ಬೆಳಿಗ್ಗೆ ಅರ್ಧಕ್ಕೆ ನಿಂತಿರುತ್ತದೆ. ಮತ್ತೆ ಮೊದಲಿನಿಂದ ಹಚ್ಚಿದರೆ ಹಣವೂ ಹೊತ್ತೂ ಎರಡೂ ಹಾಳು.

ತೊಗರಿ ಗಿಡ ಒಣಗಿದಾಗ ತಿಳಿದ ರೈತನು ಕೂಡಲೇ ಔಷಧಿ ಹೊಡೆಯುವುದಿಲ್ಲ. ಕಾಂಡ ಸೀಳಿ ಕಪ್ಪು ಗೆರೆ ನೋಡಿ, ನೆಟೆ ರೋಗವೋ ನೀರಿನ ಕೊರತೆಯೋ ಎಂದು ತೀರ್ಮಾನಿಸುತ್ತಾನೆ. ಇಲ್ಲಿಯೂ ಅದೇ ಕ್ರಮ. ಡೌನ್‌ಲೋಡ್ ಎಲ್ಲಿ ನಿಂತಿತು ಎಂಬುದನ್ನು ಪ್ರತಿ ಸಲ ಒಂದು ಚೀಟಿಯಲ್ಲಿ ಬರೆದಿಡಬೇಕು. ಕಾರಣವು ಅದರಿಂದಲೇ ತಿಳಿಯುತ್ತದೆ.

೧. ಪ್ರಾರಂಭವೇ ಆಗದಿದ್ದರೆ

ಮೊದಲು ಪರದೆಯ ಮೂಲೆಯಲ್ಲಿರುವ ತಾರೀಖನ್ನು ನೋಡಬೇಕು. ಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಸ್ವಿಚ್ ತೆಗೆದು ಹಾಕಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ತಾರೀಖು ಸರಿಪಡಿಸಿ, ವಿದ್ಯುತ್ ತಂತಿ ಕಳಚಿ, ಹೊಸ ಬ್ಯಾಟರಿ ಹಾಕಿಸಬೇಕು. ಮೇಜಿನ ಮೇಲಿಡುವ ಹೆಚ್ಚಿನ ಯಂತ್ರಗಳಿಗೆ ಸಿ.ಆರ್. ೨೦೩೨ ಎಂಬ ೩ ವೋಲ್ಟಿನ ಬ್ಯಾಟರಿ ಹೊಂದುತ್ತದೆ.

ತಾರೀಖು ಸರಿಯಿದ್ದೂ ತೆರೆಯದಿದ್ದರೆ ಬ್ರೌಸರ್ ಹಳೆಯದೆಂದು ತಿಳಿಯಬೇಕು. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ ೨೦೧೪ರ ಏಪ್ರಿಲ್‌ನಲ್ಲಿಯೂ, ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿಯೂ ಮುಗಿದಿದೆ. ಇಂತಹ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಕೂಡದು. ಫೈಲನ್ನು ಹೊಸ ಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ಇಳಿಸಿ ಇದಕ್ಕೆ ವರ್ಗಾಯಿಸುವುದು ಲೇಸು.

೨. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ

ಇದು ಹೆಚ್ಚಾಗಿ ಯಂತ್ರದ ದೋಷ, ಲೈನಿನದಲ್ಲ. ೪ ಜಿ.ಬಿ. ಹತ್ತಿರ ನಿಂತರೆ ಡಿಸ್ಕಿನ ವಿನ್ಯಾಸವನ್ನು ಪರೀಕ್ಷಿಸಬೇಕು. ಹಳೆಯ ಡಿಸ್ಕುಗಳಲ್ಲಿಯೂ ೩೨ ಜಿ.ಬಿ. ವರೆಗಿನ ಬಹುಪಾಲು ಪೆನ್ ಡ್ರೈವುಗಳಲ್ಲಿಯೂ ಇರುವ ‘ಫ್ಯಾಟ್ ೩೨’ ವಿನ್ಯಾಸದಲ್ಲಿ ಒಂದು ಫೈಲು ೪ ಜಿ.ಬಿ.ಯನ್ನು ಮುಟ್ಟಲಾರದು. ಡಿಸ್ಕಿನಲ್ಲಿ ೧೦೦ ಜಿ.ಬಿ. ಖಾಲಿ ಇದ್ದರೂ ಈ ಮಿತಿ ತಪ್ಪದು. ‘ಎನ್.ಟಿ.ಎಫ್.ಎಸ್.’ ವಿನ್ಯಾಸಕ್ಕೆ ಬದಲಾಯಿಸಿದರೆ ತೊಂದರೆ ನಿವಾರಣೆಯಾಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ. ಆದುದರಿಂದ ಮೊದಲು ಬೇರೆ ಕಡೆ ಪ್ರತಿ ಮಾಡಿಕೊಳ್ಳತಕ್ಕದ್ದು. ಕೆಲವು ಹಳೆಯ ಬ್ರೌಸರ್‌ಗಳು ೨ ಜಿ.ಬಿ.ಯನ್ನೇ ದಾಟಲಾರವು.

ಜಾಗದ ಕೊರತೆಯೂ ಇರಬಹುದು. ಕೆಲವು ಬ್ರೌಸರ್‌ಗಳು ಫೈಲನ್ನು ಮೊದಲು ‘ಸಿ’ ಡ್ರೈವಿನಲ್ಲಿ ತಾತ್ಕಾಲಿಕವಾಗಿ ಇಟ್ಟು, ಮುಗಿದ ಮೇಲೆ ‘ಡಿ’ಗೆ ಸಾಗಿಸುತ್ತವೆ. ಆದ್ದರಿಂದ ‘ಡಿ’ ಖಾಲಿ ಇದ್ದರೆ ಸಾಲದು, ‘ಸಿ’ಯಲ್ಲಿಯೂ ಸ್ಥಳ ಬೇಕು.

೩. ಒಂದೊಂದು ಸಲ ಒಂದೊಂದು ಕಡೆ ನಿಂತರೆ

ಇದು ಲೈನಿನ ಅಥವಾ ವಿದ್ಯುತ್ತಿನ ತೊಂದರೆ. ಮೊದಲು ಬೇಕಾಗುವ ಹೊತ್ತಿನ ಲೆಕ್ಕ ಹಾಕಬೇಕು. ಇಂಟರ್‌ನೆಟ್ಟಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ. ೮ ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ ೨ ಮೆಗಾಬಿಟ್ ವೇಗದಲ್ಲಿ ೧ ಜಿ.ಬಿ. ಇಳಿಯಲು ಸುಮಾರು ೭೦ ನಿಮಿಷ, ೩ ಜಿ.ಬಿ.ಗೆ ಮೂರೂವರೆ ಗಂಟೆ ಬೇಕು. ಅಷ್ಟು ಹೊತ್ತು ಕರೆಂಟು ಇರುವ ವೇಳೆಯನ್ನು ಆರಿಸಿಕೊಳ್ಳಬೇಕು. ಕಂಪ್ಯೂಟರಿಗೆ ಮಾತ್ರ ಯು.ಪಿ.ಎಸ್. ಇದ್ದು ರೂಟರಿಗೆ ಇಲ್ಲದಿದ್ದರೆ ಕರೆಂಟು ಹೋದೊಡನೆ ಲೈನು ಕಡಿಯುತ್ತದೆ. ಯಂತ್ರವು ತಾನಾಗಿ ನಿದ್ರೆಗೆ ಹೋಗದಂತೆಯೂ ಹೊಂದಿಸಬೇಕು.

ನಿಂತಲ್ಲಿಂದಲೇ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಬಳಸುವುದು ಎಲ್ಲಕ್ಕಿಂತ ಉತ್ತಮ. ಜಾಲತಾಣವೂ ಇದಕ್ಕೆ ಅವಕಾಶ ಕೊಟ್ಟಿರಬೇಕು. ಅರ್ಧ ಇಳಿದ ಫೈಲನ್ನು ಅಳಿಸಕೂಡದು.

೪. ಪೂರ್ತಿ ಇಳಿದರೂ ತೆರೆಯದಿದ್ದರೆ

ಫೈಲಿನ ಗಾತ್ರವನ್ನು ಜಾಲತಾಣದಲ್ಲಿ ಕೊಟ್ಟ ಗಾತ್ರದೊಂದಿಗೆ ಹೋಲಿಸಬೇಕು. ಕಡಿಮೆಯಿದ್ದರೆ ಅಪೂರ್ಣ. ಸರಿಯಿದ್ದರೆ ಅದೇ ಫೈಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಅಲ್ಲಿ ತೆರೆದರೆ ಹಳೆಯ ಯಂತ್ರದ ವಿಡಿಯೋ ತಂತ್ರಾಂಶವನ್ನು ಬದಲಿಸಿದರೆ ಸಾಕು. ಪುನಃ ಇಳಿಸುವ ಅಗತ್ಯವಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

ಪ್ರಾರಂಭವಾಗದಿದ್ದರೆ ತಾರೀಖು ಮತ್ತು ಬ್ರೌಸರ್. ಒಂದೇ ಕಡೆ ನಿಂತರೆ ಡಿಸ್ಕು. ಬೇರೆ ಬೇರೆ ಕಡೆ ನಿಂತರೆ ಲೈನು ಮತ್ತು ಕರೆಂಟು. ತೆರೆಯದಿದ್ದರೆ ಗಾತ್ರ ಮತ್ತು ತಂತ್ರಾಂಶ. ಎರಡು ಸಲ ವಿಫಲವಾದ ಮೇಲೆ ಕಾರಣ ತಿಳಿಯದೆ ಮೂರನೆಯ ಸಲ ಹಚ್ಚಬಾರದು. ಬಿತ್ತನೆಗೆ ಮೊದಲೇ, ಬೇಸಿಗೆಯ ಬಿಡುವಿನಲ್ಲಿ ಫೈಲುಗಳನ್ನು ಇಳಿಸಿಟ್ಟುಕೊಂಡ ರೈತರಿಗೆ ಕುಡಿ ಚಿವುಟುವ ದಿನ ಬಂದಾಗ ಲೈನಿಗಾಗಿ ಕಾಯುವ ಪ್ರಸಂಗವೇ ಬಾರದು.